ಹಳೇ ಮನೆಗೆ ವಿಮೆ: ತಪಾಸಣೆಗೆ ಬಂದವರಿಗೆ ಬಿರುಕು ತೋರಿಸಿ

ಗದಗದ ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ನಿಂತು, ವಿಮಾ ಕಂಪನಿಯಿಂದ ಬಂದ ಎಂಜಿನಿಯರು ತೊಲೆಯ ತುದಿಗೆ, ಅದು ಗೋಡೆಯೊಳಗೆ ಕೂತಿರುವ ಜಾಗದಲ್ಲಿ, ಒಂದು ಸ್ಕ್ರೂಡ್ರೈವರ್ ಒತ್ತಿದರು. ನೆನೆದ ಹಿಂಡಿಯೊಳಗೆ ಕಡ್ಡಿ ಇಳಿದಂತೆ ಅದು ನಾಲ್ಕು ಬೆರಳು ಒಳಗೆ ಹೋಯಿತು. ಹೊರಗೆಳೆದಾಗ ತುದಿಗೆ ಹಿಟ್ಟಿನಂಥ ಪುಡಿ. ಅದರೊಳಗೆ ಎರಡು ಗೆದ್ದಲು ಹರಿದಾಡುತ್ತಿದ್ದವು.

"ಅಕ್ಕಾರ, ಈ ತೊಲಿಗೆ ಬಣ್ಣ ಯಾವಾಗ ಹಚ್ಚಿಸೀರಿ?" ಅಂದರು.

ಹಿಂದಿನ ವಾರವಷ್ಟೇ ಹಚ್ಚಿಸಿದ್ದೆ, ಅವರು ಬರುತ್ತಾರೆಂದೇ. ಗೋಡೆಯ ಬಿರುಕುಗಳಿಗೆ ಸಿಮೆಂಟು ತುಂಬಿಸಿ ಮೇಲೆ ಸುಣ್ಣ ಬಳಿಸಿದ್ದೆ. ಕನ್ಯೆ ನೋಡಲು ಬರುವವರಿಗೆ ಮನೆ ಸಿಂಗರಿಸಿದ ಹಾಗೆ ಸಿಂಗರಿಸಿದ್ದೆ. ಅದು 2022ರ ಜೂನ್. ಹದಿನೈದು ದಿನಕ್ಕೆ ಅರ್ಜಿ ವಾಪಸು ಬಂತು. ಕಟ್ಟಡದ ಸ್ಥಿತಿ ವಿಮೆಗೆ ತಕ್ಕದ್ದಲ್ಲ ಎಂಬ ಒಂದೇ ಸಾಲು. ಏನು ಸರಿಮಾಡಿಸಿದರೆ ಒಪ್ಪುತ್ತೀರಿ ಎಂದು ಕೇಳಲು ನಾಲ್ಕು ಸಲ ಫೋನ್ ಮಾಡಿದೆ. ಹೇಳುವವರು ಸಿಗಲಿಲ್ಲ.

ಎಂಟು ತಿಂಗಳ ಮೇಲೆ ಅದೇ ಮನೆಗೆ ಬೇರೊಂದು ಕಂಪನಿಯ ವಿಮೆ ಸಿಕ್ಕಿತು. ನಡುವೆ ಏನೇನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಎಂಜಿನಿಯರ್ ಅಲ್ಲ, ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವವಳು. ಆದರೆ ಗದಗ, ಹುಬ್ಬಳ್ಳಿ, ಧಾರವಾಡ, ಹಾವೇರಿಯ ಹಳೇ ಓಣಿಗಳಲ್ಲಿ ಮಣ್ಣಿನ ಗೋಡೆ, ಮಾಳಿಗೆ (ಮಣ್ಣು ಹಾಸಿದ ಚಪ್ಪಟೆ ಚಾವಣಿ), ಹಂಚಿನ ಮನೆಗಳಲ್ಲಿ ಇನ್ನೂ ಬಾಳುತ್ತಿರುವ ಎಷ್ಟೋ ಮನೆತನಗಳಿಗೆ ಆ ಮನೆಯೊಂದೇ ಆಸ್ತಿ. ಅದಕ್ಕೆ ವಿಮೆ ಸಿಗುವುದೇ ಇಲ್ಲ ಎಂದು ನಂಬಿ ಕೂತವರನ್ನು ಕಂಡು ಸಂಕಟವಾಗಿ ಇದನ್ನು ಬರೆಯಬೇಕೆನಿಸಿತು.

ಬರುವವರು ಯಾರು, ಯಾಕೆ ಬರುತ್ತಾರೆ

ಮನೆ ವಿಮೆಯಲ್ಲಿ ಎರಡು ಸಂದರ್ಭದಲ್ಲಿ ಜನ ಬಂದು ನೋಡುತ್ತಾರೆ. ವಿಮೆ ಕೊಡುವ ಮೊದಲು ಒಮ್ಮೆ, ನಷ್ಟವಾದ ಮೇಲೆ ಒಮ್ಮೆ. ಮೊದಲಿನದು ಎಲ್ಲರಿಗೂ ಇರುವುದಿಲ್ಲ. ಹೊಸ ಫ್ಲ್ಯಾಟಿಗೆ ಫಾರ್ಮ್ ತುಂಬಿ ದುಡ್ಡು ಕಟ್ಟಿದರೆ ಮುಗಿಯಿತು. ಮನೆ ಹಳೆಯದಾದರೆ, ಗೋಡೆ ಮಣ್ಣಿನದಾದರೆ, ಮೊತ್ತ ದೊಡ್ಡದಾದರೆ ಕಂಪನಿ ತನ್ನವರನ್ನು ಕಳಿಸಬಹುದು, ಇಲ್ಲವೇ ಫೋಟೊ ಮತ್ತು ಎಂಜಿನಿಯರ್ ವರದಿ ಕೇಳಬಹುದು. ಎರಡನೆಯದಕ್ಕೆ ಕಾನೂನಿದೆ. 1938ರ ವಿಮಾ ಕಾಯ್ದೆ ಮತ್ತು ಅದರಡಿಯ ನಿಯಮಗಳ ಪ್ರಕಾರ, ಒಂದು ಲಕ್ಷಕ್ಕೆ ಮೇಲ್ಪಟ್ಟ ಇಂಥ ನಷ್ಟವನ್ನು ಪರವಾನಗಿ ಇರುವ ಸರ್ವೇಯರ್ ಬಂದು ಅಳೆಯಬೇಕು.

ಈ ಎರಡು ಭೇಟಿಗಳಿಗೂ ನಂಟಿದೆ. ಮೊದಲ ಭೇಟಿಯಲ್ಲಿ ಮುಚ್ಚಿಟ್ಟದ್ದು ಎರಡನೇ ಭೇಟಿಯಲ್ಲಿ ನಮಗೇ ತಿರುಗಿಬೀಳುತ್ತದೆ. ವಿಮೆ ನಿಂತಿರುವುದೇ ನಾವು ಬರೆದುಕೊಟ್ಟ ಮಾತಿನ ಮೇಲೆ. ಮಾಹಿತಿ ಮುಚ್ಚಿಟ್ಟಿದ್ದಾರೆ ಎಂದು ಕಂಪನಿ ತೋರಿಸಿಕೊಟ್ಟರೆ, ವರ್ಷಗಟ್ಟಲೆ ಕಂತು ಕಟ್ಟಿದ್ದರೂ ಪರಿಹಾರ ಕೈತಪ್ಪಬಹುದು. ಮೊದಲ ಸಲ ಅರ್ಜಿ ವಾಪಸು ಬಂದದ್ದಕ್ಕೆ ಆಗ ಅತ್ತಿದ್ದೆ. ಈಗ ಅನಿಸುತ್ತದೆ, ಆ ಬಣ್ಣ ಬಳಿದ ತೊಲೆಯ ಮೇಲೆ ವಿಮೆ ಸಿಕ್ಕಿಬಿಟ್ಟಿದ್ದರೆ ಅದು ಹೆಸರಿಗೆ ಮಾತ್ರ ವಿಮೆಯಾಗಿರುತ್ತಿತ್ತು.

2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮನೆಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಬೆಂಕಿ ವಿಮೆ ಮಾಡುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಅದನ್ನು ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಆಗ ನಿಯಮ ಮಾಡಿತು. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ನೆಲ ಕುಸಿತ, ಗಲಭೆ, ಮರವೋ ವಾಹನವೋ ಬಂದು ಬಡಿಯುವುದು, ನೀರಿನ ಟ್ಯಾಂಕು-ಪೈಪು ಒಡೆಯುವುದು ಇವೆಲ್ಲ ಅದರೊಳಗಿವೆ. ಎಲ್ಲಾ ಕಳ್ಳತನವೂ ಸೇರಿಲ್ಲ. ಇಂಥ ಅನಾಹುತವಾದ 7 ದಿನದೊಳಗೆ, ಅದರ ಕಾರಣಕ್ಕೇ ಆದ ಕಳವು ಮಾತ್ರ ಬರುತ್ತದೆ.

ನಮ್ಮಂಥವರಿಗೆ ಮುಖ್ಯವಾದದ್ದು ಅದರಲ್ಲಿ ಇಲ್ಲದ್ದು. ಮಾಳಿಗೆ ಹತ್ತು ವರ್ಷ ಹನಿ ಹನಿಯಾಗಿ ಸೋರಿ, ತೊಲೆ ಕೊಳೆತು, ಒಂದಿನ ಕುಸಿದರೆ ಅದಕ್ಕೆ ಪರಿಹಾರವಿಲ್ಲ. ಅದು ಅನಾಹುತ ಅಲ್ಲ, ಸವಕಳಿ. ನೆಲ ಕುಸಿತ ಸೇರಿದೆ ಎಂದರೂ ಕೆಟ್ಟ ಕಟ್ಟಡ ಕೆಲಸದಿಂದ, ರಿಪೇರಿಯಿಂದ, ಕೆಡವುವುದರಿಂದ, ಪಾಯ ತೋಡುವುದರಿಂದ ಆದ ಕುಸಿತ ಅದರಲ್ಲಿ ಬರುವುದಿಲ್ಲ. ಹಾಗಾಗಿ ತಪಾಸಣೆಗೆ ಬಂದವರು ಹುಡುಕುವುದು ಒಂದನ್ನೇ: ಈ ಮನೆ ಹೊರಗಿನ ಪೆಟ್ಟಿನಿಂದ ಬೀಳುತ್ತದೋ, ಹಾಗೇ ನಿಂತಲ್ಲೇ ಬೀಳುತ್ತದೋ. ನಾವು ತೋರಿಸಿಕೊಡಬೇಕಾದ್ದೂ ಅದನ್ನೇ.

ಬಿರುಕಿಗೆ ನಂಬರು ಹಾಕಿ

ಗದಗ, ನವಲಗುಂದ, ಹುಬ್ಬಳ್ಳಿಯ ಪೂರ್ವಕ್ಕೆ ಎಲ್ಲಾ ಎರಿ ಭೂಮಿ, ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬ್ಯಾಸಗಿಗೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಮನೆಯೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು, ಮಳೆಗಾಲದಲ್ಲಿ ಹಿಡಿದುಕೊಂಡು ಬ್ಯಾಸಗಿಯಲ್ಲಿ ಸಡಿಲವಾಗುವ ಬಾಗಿಲು, ಇವು ಎರಿ ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಹೊಸದಲ್ಲ. ಬೆಂಗಳೂರಿನಿಂದ ಬಂದ ಎಂಜಿನಿಯರಿಗೆ ಮಾತ್ರ ಪ್ರತಿ ಬಿರುಕೂ ಗಾಬರಿ ಹುಟ್ಟಿಸುತ್ತದೆ. ಯಾವುದು ಉಸಿರಾಡುವ ಬಿರುಕು, ಯಾವುದು ಬೆಳೆಯುವ ಬಿರುಕು ಎಂದು ಒಂದೇ ಭೇಟಿಯಲ್ಲಿ ಅವರಿಗೆ ಹೇಗೆ ತಿಳಿಯಬೇಕು? ಅದನ್ನು ತಿಂಗಳುಗಟ್ಟಲೆ ನೋಡಿದವರು ಹೇಳಬೇಕು, ಬರೆದಿಟ್ಟು ತೋರಿಸಬೇಕು.

ನಮ್ಮ ಓಣಿಯ ಗೌಂಡಿ ಕಾಕಾ ಹೇಳಿಕೊಟ್ಟ ವಿಧಾನ ಇದು. ಬಿರುಕಿನ ಎರಡೂ ಬದಿಗೆ ಒಂದೊಂದು ಸಣ್ಣ ಮೊಳೆ ಹೊಡೆಯಿರಿ, ನಡುವೆ ಸರಿಯಾಗಿ 100 ಮಿಲಿಮೀಟರ್ ಇರಲಿ. ಪಕ್ಕದಲ್ಲಿ ಪೆನ್ಸಿಲಿನಿಂದ ನಂಬರು ಮತ್ತು ತಾರೀಖು ಬರೆಯಿರಿ. ಬಿರುಕಿನ ತುದಿ ಎಲ್ಲಿಗೆ ಮುಗಿಯುತ್ತದೋ ಅಲ್ಲೊಂದು ಅಡ್ಡಗೆರೆ. ಬೇಕಾದರೆ ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟಿನಿಂದ ಅಂಟಿಸಿ. ಗಾಜು ಒಡೆಯಿತೆಂದರೆ ಗೋಡೆ ಅಲುಗಿದೆ ಎಂದಷ್ಟೇ ಗೊತ್ತಾಗುತ್ತದೆ. ಎಷ್ಟು, ಯಾವ ಕಡೆ ಎಂಬುದನ್ನು ಮೊಳೆಗಳು ಹೇಳುತ್ತವೆ. ತಿಂಗಳಿಗೊಮ್ಮೆ ಅಳೆದು ಬರೆಯಿರಿ, ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಅಂದಾಜಿಗೆ ಒಂದು ರೂಪಾಯಿ ನಾಣ್ಯ ಸಾಕು, ಅದರ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ನಾಣ್ಯ ಒಳಗೆ ಹೋಗದ ಬಿರುಕು ಸಾಮಾನ್ಯವಾಗಿ ಗಿಲಾವಿನದು (ಪ್ಲಾಸ್ಟರಿನದು). ಕಿರುಬೆರಳು ಹೋಗುವ ಬಿರುಕಿದ್ದರೆ ವಿಮೆಯ ಮಾತು ಆಮೇಲಿರಲಿ, ಮೊದಲು ಎಂಜಿನಿಯರನ್ನು ಕರೆಸಿ.

ನಮ್ಮ ಮನೆಯಲ್ಲಿ ಏಳು ಬಿರುಕಿಗೆ ನಂಬರು ಬಿತ್ತು. ಜುಲೈನಲ್ಲಿ ಶುರುಮಾಡಿದ್ದು. ಅತ್ತೆಗೆ ಮೊದಮೊದಲು ಇದು ಸರಿಬರಲಿಲ್ಲ. "ಮನಿ ಹರಕು ಮಂದಿಗ್ಯಾಕ ತೋರಸ್ತೀ ಯವ್ವಾ, ಮಾನಾ ಹೋಗ್ತೈತಿ" ಎಂದು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಭಾದ್ರಪದದ ಹೊತ್ತಿಗೆ ಐದು ಬಿರುಕು ತಾವಾಗಿಯೇ ಕೂಡಿಕೊಂಡವು, ಸಂಕ್ರಾಂತಿಗೆ ಮತ್ತೆ ಮೊದಲಿನಷ್ಟೇ ತೆರೆದವು. ಎರಡು ಮಾತ್ರ ಮಳೆಗೂ ಮುಚ್ಚಲಿಲ್ಲ, ಬಿಸಿಲಿಗೂ ನಿಲ್ಲಲಿಲ್ಲ, ಹೋಗುತ್ತಲೇ ಇದ್ದವು. ಆ ಎರಡಕ್ಕೆ ಕಾರಣ ಹುಡುಕಿದೆವು. ಒಂದು ಬಚ್ಚಲ ಗೋಡೆಯದು. ನೆಲದ ಕೆಳಗೆ ಒಡೆದ ಪೈಪಿನಿಂದ ನೀರು ದಿನವೂ ಪಾಯಕ್ಕೆ ಇಳಿಯುತ್ತಿತ್ತು. ಪೈಪು ಬದಲಿಸಿ, ಮನೆಯ ಸುತ್ತ ಮೂರಡಿ ಅಗಲಕ್ಕೆ ಹೊರಮುಖ ಇಳಿಜಾರಿನ ಕಲ್ಲುಹಾಸು ಹಾಕಿಸಿದ ಮೇಲೆ ಅದು ನಿಂತಿತು. ಎರಿ ಮಣ್ಣಿನ ಮೇಲಿನ ಮನೆಗೆ ಇದಕ್ಕಿಂತ ದೊಡ್ಡ ಔಷಧ ಇಲ್ಲ: ಗೋಡೆಯ ಬುಡಕ್ಕೆ ನೀರು ನಿಲ್ಲಬಾರದು.

ಇನ್ನೊಂದು ಸಾಮಾಯಿಕ, ಅಂದರೆ ಎರಡೂ ಮನೆಗೆ ಸೇರಿದ, ಗೋಡೆಯದು. ಪಕ್ಕದವರು ಹಳೇ ಮನೆ ಕೆಡವಿ ಪಾಯ ತೋಡಿದ್ದರು, ನಮ್ಮ ಗೋಡೆಯ ಆಸರೆ ಹೋಗಿತ್ತು. ಹಳೇ ಓಣಿಯಲ್ಲಿ ಒಬ್ಬೊಬ್ಬರೇ ಕೆಡವಿ ಆರ್‌ಸಿಸಿ ಕಟ್ಟುವಾಗ ಉಳಿದವರ ಮನೆಗೆ ಆಗುವುದು ಇದೇ. ಇದು ವಿಮೆಯಲ್ಲಿ ಬರುವುದಿಲ್ಲ ಎಂದು ಮೇಲೆಯೇ ಬರೆದೆ. ಪಕ್ಕದವರು ಗುದ್ದಲಿ ಹಾಕುವ ಮೊದಲೇ ನಿಮ್ಮ ಗೋಡೆಯ ಫೋಟೊ ತೆಗೆದು, ಅವರ ಕೈಯಲ್ಲೂ ಒಂದು ಪ್ರತಿ ಕೊಟ್ಟು, ಆಸರೆ ಗೋಡೆ ಕಟ್ಟಿಕೊಡುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನೆರೆಹೊರೆಯವರ ಜೊತೆ ಕಾಗದವೇಕೆ ಎಂದು ನಾವು ಸುಮ್ಮನಿದ್ದೆವು. ಕೊನೆಗೆ ಖರ್ಚು ಇಬ್ಬರೂ ಹಂಚಿಕೊಂಡದ್ದು ಅವರ ದೊಡ್ಡ ಮನಸ್ಸು.

ಬಿರುಕಿಗೆ ಸಿಮೆಂಟು ತುಂಬಿಸಬೇಡಿ. ಮಣ್ಣಿನ ಗೋಡೆ, ಸುಣ್ಣದ ಗಚ್ಚು ಒಳಗಿನ ತೇವವನ್ನು ಹೊರಗೆ ಬಿಡುತ್ತವೆ. ಮೇಲೆ ಸಿಮೆಂಟಿನ ಗಿಲಾವು ಕೂತರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಒಳಗಿನಿಂದ ಪುಡಿಯಾಗುತ್ತದೆ. ನಾನು ತಪಾಸಣೆಗೆಂದು ಮಾಡಿಸಿದ ತೇಪೆಗಳೆಲ್ಲ ಮುಂದಿನ ಮಳೆಗೆ ಹಪ್ಪಳದಂತೆ ಎದ್ದುಬಂದವು. ಮಣ್ಣಿನ ಗೋಡೆಗೆ ಮಣ್ಣು, ಸುಣ್ಣದ ಗೋಡೆಗೆ ಸುಣ್ಣ.

ಮಾಳಿಗೆಯ ಭಾರ

ನಮ್ಮ ಪಡಸಾಲೆ 12 ಅಡಿಗೆ 20 ಅಡಿ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಸೋರಿದಾಗಲೆಲ್ಲ ಮಾವನವರ ಕಾಲದಿಂದ ಮಿರಗಕ್ಕೆ (ಮೃಗಶಿರಾ ಮಳೆಗೆ) ಮೊದಲು ಸವಳು ಮಣ್ಣು ತಂದು ಮೇಲೆ ಹಾಕಿ ಧಮ್ಮಸು ಮಾಡಿಸುವುದು, ಅಂದರೆ ಬಡಿದು ಗಟ್ಟಿ ಮಾಡಿಸುವುದು, ರೂಢಿ. ಹಾಕುವುದು ರೂಢಿಯೇ ಹೊರತು ಹಳೆಯದನ್ನು ತೆಗೆಯುವುದು ಯಾರಿಗೂ ರೂಢಿಯಿಲ್ಲ. ಗೌಂಡಿ ಕಾಕಾ ಒಂದು ಮೂಲೆಯಲ್ಲಿ ಅಗೆದು ಅಳೆದಾಗ 14 ಇಂಚು ಇತ್ತು.

ಒಂದು ಲೆಕ್ಕ ಹಾಕಿ ನೋಡಿ. 100 ಚದರ ಅಡಿಯ ಮೇಲೆ ಒಂದು ಇಂಚು ಒಣಮಣ್ಣು ಹಾಸಿದರೆ ಸುಮಾರು 350ರಿಂದ 400 ಕೆಜಿ. ನಮ್ಮ ಪಡಸಾಲೆಯ 240 ಚದರ ಅಡಿಗೆ 14 ಇಂಚು ಎಂದರೆ ಹತ್ತಿರ ಹತ್ತಿರ 12 ಟನ್. ಮಳೆ ಕುಡಿದರೆ ಇನ್ನೂ ಹೆಚ್ಚು. ಗೆದ್ದಲು ತಿಂದ ತೊಲೆಯ ಮೇಲೆ 12 ಟನ್ ಹೊತ್ತುಕೊಂಡು ಅದರ ಕೆಳಗೆ ಕೂಸು ಮಲಗಿಸುತ್ತಿದ್ದೆವು. ಆ ಲೆಕ್ಕ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಹಾಸಿಗೆಗಳನ್ನು ಹಿಂದಿನ ಕೋಣೆಗೆ ಸಾಗಿಸಿದೆ.

ತೊಲೆಗಳಿಗೆ ಕೆಳಗಿನಿಂದ ಆಸರೆ ಕೊಟ್ಟು, ಆರು ಇಂಚು ಮಣ್ಣು ಇಳಿಸಿ, ಕೊಳೆತ ತೊಲೆಯ ಪಕ್ಕಕ್ಕೆ ಕಬ್ಬಿಣದ ಗರ್ಡರ್ ಕೂಡಿಸಿದೆವು. ಗೆದ್ದಲಿಗೆ ಗೋಡೆಯ ಬುಡದುದ್ದಕ್ಕೂ ರಂಧ್ರ ಕೊರೆದು ಔಷಧ ಹೊಡೆಸಿದೆವು. ಎಲ್ಲಾ ಸೇರಿ 46,000 ರೂಪಾಯಿ. ಬಿಲ್ಲಿನಲ್ಲಿ ಯಾವ ಕೆಲಸ, ಯಾವ ಕೋಣೆ, ಯಾವ ತಾರೀಖು ಎಂದು ಬಿಡಿಸಿ ಬರೆಸಿ. 'ಮನೆ ರಿಪೇರಿ' ಎಂಬ ಎರಡು ಶಬ್ದದ ಬಿಲ್ಲು ತಪಾಸಣೆಯವರಿಗೆ ಯಾವ ಕೆಲಸಕ್ಕೂ ಬರುವುದಿಲ್ಲ.

ನಿಮ್ಮ ತೊಲೆಗಳನ್ನು ನೀವೇ ಮೊದಲು ಪರೀಕ್ಷೆ ಮಾಡಿಕೊಳ್ಳಿ. ನಡುವೆ ನೋಡಿದರೆ ಏನೂ ತಿಳಿಯುವುದಿಲ್ಲ, ನೋಡಬೇಕಾದ್ದು ಗೋಡೆಯೊಳಗೆ ಕೂತಿರುವ ತುದಿ. ತೇವ ಬರುವುದೂ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಸುತ್ತಿಗೆಯ ಹಿಡಿಯಿಂದ ಬಡಿಯಿರಿ. ಗಟ್ಟಿ ಕಟ್ಟಿಗೆ ಟಣ್ ಎನ್ನುತ್ತದೆ, ತಿಂದ ಕಟ್ಟಿಗೆ ಡೊಬ್ ಎನ್ನುತ್ತದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಗೆರೆ ಏರಿಹೋಗಿದ್ದರೆ ಒರೆಸಿ ಹಾಕಬೇಡಿ, ಫೋಟೊ ತೆಗೆದು, ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಹಿಂಬಾಲಿಸಿ. ಮಾಳಿಗೆಯ ಮೇಲೆ ನೀರಿನ ಟ್ಯಾಂಕು ಇಟ್ಟಿದ್ದರೆ ಇಳಿಸಿ. ಸಾವಿರ ಲೀಟರ್ ಎಂದರೆ ಒಂದು ಟನ್, ಅದೂ ಒಂದೇ ಕಡೆ. ನೀರು ಹೊರಗೆ ಬೀಳುವ ದೋಣಿಗಳು ಕಟ್ಟಿಕೊಂಡಿಲ್ಲವೇ ನೋಡಿ. ಹಂಚಿನ ಮನೆಯಾದರೆ ಒಡೆದ ಹಂಚು, ಸರಿದ ರೀಪು ಮತ್ತು ಗೋಡೆಗೆ ಹಂಚು ಕೂಡುವ ಮೂಲೆ ನೋಡಿದರೆ ಸಾಕು.

ವೈರಿಂಗು

ಹಳೇ ಮನೆಗೆ ಮಳೆಗಿಂತ ಬೆಂಕಿಯ ಭಯ ನನಗೆ ಹೆಚ್ಚು. ಕಟ್ಟಿಗೆಯ ಪಟ್ಟಿಯ ಮೇಲೆ ಓಡಿದ ಐವತ್ತು ವರ್ಷದ ರಬ್ಬರ್ ವೈರು, ಅದರ ಮೇಲೆ ಇವತ್ತಿನ ಗೀಸರ್, ಮಿಕ್ಸರ್, ಫ್ರಿಜ್ಜು. ನಮ್ಮ ಮೀಟರಿನ ಹಲಗೆಯ ಮೇಲಿದ್ದ ಪಿಂಗಾಣಿಯ ಫ್ಯೂಸಿನಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದ ವೈರು ಸುತ್ತಿತ್ತು. ಪದೇ ಪದೇ ಹೋಗುತ್ತದೆ ಎಂದು ಯಾರೋ ಯಾವಾಗಲೋ ಸುತ್ತಿದ್ದು. ಫ್ಯೂಸು ಹೋಗುವುದೇ ಮನೆ ಉಳಿಸಲಿಕ್ಕೆ. ಅದನ್ನು ಹೋಗದಂತೆ ಮಾಡಿದರೆ ಮುಂದೆ ಸುಡುವುದು ಗೋಡೆಯೊಳಗಿನ ವೈರು.

ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರನ್ನೇ ಕರೆಸಿ. ಮೆಗ್ಗರ್ ಎಂಬ ಮೀಟರು ಹಚ್ಚಿ ವೈರಿನ ಇನ್ಸುಲೇಶನ್ ಅಳೆಯಲಿ, ಅರ್ಥಿಂಗ್ ನೋಡಲಿ. ಎಂಸಿಬಿಗಳ ಜೊತೆಗೆ, ಕರೆಂಟು ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂಡಿಸಲಿ. ಅಂಗಡಿಯಲ್ಲಿ ಇನ್ನೂ ಇಎಲ್‌ಸಿಬಿ ಎಂದೇ ಕೇಳುತ್ತಾರೆ. ಗೀಸರಿಗೆ ಬೇರೆಯೇ ಲೈನು ಇರಲಿ. ಕೊನೆಗೆ ಅವರ ಲೆಟರ್‌ಹೆಡ್ಡಿನಲ್ಲಿ ಲೈಸೆನ್ಸ್ ನಂಬರಿನ ಸಹಿತ ವರದಿ ಬರೆಸಿಕೊಳ್ಳಿ. ಎರಡನೇ ಸಲ ಬಂದ ತಪಾಸಣೆಯವರು ಮೊದಲು ಕೈಗೆತ್ತಿಕೊಂಡ ಕಾಗದವೇ ಅದು. ಅಡುಗೆಮನೆಯ ಗ್ಯಾಸಿನ ನಳಿಕೆಯ ಮೇಲಿನ ವರ್ಷವನ್ನೂ ಅವರು ಬಗ್ಗಿ ನೋಡಿದರು. ಐದು ವರ್ಷ ಮೀರಿದ್ದರೆ ಬದಲಿಸಿಡಿ.

ಪಡಸಾಲೆಯಲ್ಲಿ ಮಗ್ಗ ಇದ್ದರೆ

ನೇಕಾರರ ಊರಾದ ಬೆಟಗೇರಿಯವರಿಗೆ ಇದು ಬಹಳ ಮುಖ್ಯ. ಮೊದಲ ಅರ್ಜಿ ಬರೆದ ಏಜೆಂಟರು ನಮ್ಮ ಪಡಸಾಲೆಯ ಕೈಮಗ್ಗದ ವಿಷಯ ಕಾಣಿಸಲೇ ಇಲ್ಲ, ಚಾವಣಿಯ ಅಂಕಣದಲ್ಲಿ 'ಆರ್‌ಸಿಸಿ' ಎಂದು ಬರೆದಿದ್ದರು. ನಾನು ಖಾಲಿ ಫಾರ್ಮಿಗೆ ಸಹಿ ಹಾಕಿಕೊಟ್ಟಿದ್ದೆ. ದಿನವಿಡೀ ಬೇರೆಯವರ ಸಹಿ ಪರೀಕ್ಷಿಸುವ ಕೆಲಸದವಳು ನನ್ನ ಮನೆಯ ಕಾಗದವನ್ನೇ ಓದಲಿಲ್ಲ ಎಂಬ ನೋವು ಇನ್ನೂ ಇದೆ. ಏಜೆಂಟರು ಬರೆದರೂ ಫಾರ್ಮಿನ ಮಾತು ಸಹಿ ಮಾಡಿದವರದೇ. ತುಂಬಿದ ಮೇಲೆ ಓದಿ, ಪ್ರತಿ ಪುಟದ ಫೋಟೊ ತೆಗೆದು, ಆಮೇಲೆ ಸಹಿ ಹಾಕಿ.

ಗೃಹ ರಕ್ಷಾ ಪಾಲಿಸಿ ವಾಸದ ಮನೆಗೆ. ಮಗ್ಗ, ನೂಲು, ನೇಯ್ದಿಟ್ಟ ಸೀರೆ ಮನೆ ಸಾಮಾನಿನ ಲೆಕ್ಕದಲ್ಲಿ ಬರುವುದಿಲ್ಲ. ಹೊಲಿಗೆ, ಹಿಟ್ಟಿನ ಗಿರಣಿ, ರೊಟ್ಟಿ ಮಾಡಿ ಮಾರುವುದು, ಮುಂದಿನ ಕೋಣೆಯನ್ನು ಅಂಗಡಿಗೆ ಬಾಡಿಗೆ ಕೊಡುವುದು ಇವೂ ಹಾಗೇ. ಮುಚ್ಚಿಟ್ಟರೆ ನಾಳೆ ಮಗ್ಗದ ಕಡೆಯಿಂದ ಹೊತ್ತಿದ ಬೆಂಕಿಗೆ ಮನೆಯ ಪರಿಹಾರವೂ ಸಿಗದೆ ಹೋಗಬಹುದು. ಉದ್ಯೋಗದ ಸಾಮಾನಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಬೇರೆ ಪಾಲಿಸಿ ಇದೆ, ಒಂದು ಜಾಗದಲ್ಲಿ 5 ಕೋಟಿವರೆಗಿನ ಆಸ್ತಿಗೆ. ನಾವು ಎರಡನೇ ಸಲ ಪಡಸಾಲೆಯ ಒಂದು ಭಾಗದಲ್ಲಿ ಕೈಮಗ್ಗ ಇದೆ ಎಂದು ನಕ್ಷೆಯಲ್ಲೇ ಗೆರೆ ಹಾಕಿ ತೋರಿಸಿ, ಅದಕ್ಕೆ ಬೇರೆ ಪಾಲಿಸಿ ಮಾಡಿಸಿದೆವು.

ದಪ್ಪ ಗೋಡೆಯ ಲೆಕ್ಕ

ವಿಮೆಯ ಮೊತ್ತ ಎಂದರೆ ಮನೆಯ ಮಾರುಕಟ್ಟೆ ಬೆಲೆ ಅಲ್ಲ. ಜಾಗಕ್ಕೆ ಬೆಂಕಿ ಹತ್ತುವುದಿಲ್ಲ. ಇದೇ ಮನೆಯನ್ನು ಇವತ್ತು ಮತ್ತೆ ಕಟ್ಟಲು ಏನು ತಗಲುತ್ತದೋ ಅಷ್ಟು. ಪಾಲಿಸಿಯ ಸೂತ್ರ ಸರಳವಾಗಿದೆ: ಕಾರ್ಪೆಟ್ ಏರಿಯಾ ಗುಣಿಸು ಚದರ ಅಡಿಯ ಕಟ್ಟಡ ವೆಚ್ಚ. ಹಳೇ ಮನೆಯವರು ಮೋಸಹೋಗುವುದು ಇಲ್ಲಿಯೇ.

ನಮ್ಮ ಮನೆ ಹೊರಗಿನಿಂದ 30 ಅಡಿಗೆ 40 ಅಡಿ, 1,200 ಚದರ ಅಡಿ. ಹೊರಗೋಡೆ ಎರಡಡಿ ದಪ್ಪ. ಒಳಗೆ ಅಳೆದರೆ 26ಕ್ಕೆ 36, ಅಂದರೆ 936. ಕಾರ್ಪೆಟ್ ಏರಿಯಾದಲ್ಲಿ ಹೊರಗೋಡೆ ಸೇರುವುದಿಲ್ಲ, ಹಾಗಾಗಿ 264 ಚದರ ಅಡಿ ಗೋಡೆಯಲ್ಲೇ ಹೋಯಿತು. ಎಂಜಿನಿಯರ್ ಆಗ ಹೇಳಿದ ದರ ಚದರ ಅಡಿಗೆ 1,900 ರೂಪಾಯಿ, ಆದರೆ ಅದು ಹೊರ ಅಳತೆಯ ದರ. 1,200ಕ್ಕೆ ಗುಣಿಸಿದರೆ 22,80,000. ಅದೇ ದರವನ್ನು 936ಕ್ಕೆ ಗುಣಿಸಿದರೆ 17,78,400. ಐದು ಲಕ್ಷದ ವ್ಯತ್ಯಾಸ! ಕಟ್ಟುವ ಖರ್ಚಿನಲ್ಲಿ ಗೋಡೆಯೇ ದೊಡ್ಡ ಪಾಲು, ಅದನ್ನು ಹೇಗೆ ಬಿಡುವುದು? ಒಟ್ಟು ವೆಚ್ಚವನ್ನು 936ರಿಂದ ಭಾಗಿಸಿ, ಕಾರ್ಪೆಟ್ ಲೆಕ್ಕದ ದರ 2,436 ರೂಪಾಯಿ ಎಂದು ಎಂಜಿನಿಯರಿಂದ ಬರೆಸಿಕೊಟ್ಟೆವು. ತಪಾಸಣೆಯವರು ಒಪ್ಪಿದರು. ಕಾಂಪೌಂಡು, ನೀರಿನ ತೊಟ್ಟಿ, ಹಿತ್ತಲ ಶೆಡ್ಡು ಇವನ್ನು ಬೇರೆಯಾಗಿ ಕಾಣಿಸಬೇಕು.

ಈ ಪಾಲಿಸಿಯಲ್ಲಿ ಮೊತ್ತ ಸ್ವಲ್ಪ ಕಡಿಮೆ ಹೇಳಿದ್ದಾರೆಂದು ಪರಿಹಾರವನ್ನು ಪ್ರಮಾಣಕ್ಕೆ ತಕ್ಕಂತೆ ಕತ್ತರಿಸುವುದಿಲ್ಲ. ಆದರೆ ಬರೆಸಿದ ಮೊತ್ತಕ್ಕಿಂತ ಮೇಲೆ ಬರುವುದೂ ಇಲ್ಲ. ಮನೆ ಸಾಮಾನಿಗೆ ಕಟ್ಟಡದ ಮೊತ್ತದ 20 ಪರ್ಸೆಂಟು, ಹೆಚ್ಚೆಂದರೆ 10 ಲಕ್ಷ, ತಾನಾಗಿಯೇ ಸೇರುತ್ತದೆ. ಬಂಗಾರ ಅದರಲ್ಲಿಲ್ಲ, ಬೇಕಾದರೆ ಕೇಳಿ ಸೇರಿಸಬೇಕು.

ಕಾಗದಪತ್ರ

ಸಿಟಿಎಸ್ ಉತಾರ (ಸಿಟಿ ಸರ್ವೆ ಕಚೇರಿಯ ಆಸ್ತಿ ದಾಖಲೆ), ನಗರಸಭೆಯ ಕರದ ರಸೀದಿ, ಹೆಸ್ಕಾಂ ಕರೆಂಟು ಬಿಲ್ಲು. ಹಳ್ಳಿಯ ಮನೆಯಾದರೆ ಪಂಚಾಯಿತಿಯ ಫಾರ್ಮ್ 9 ಮತ್ತು 11. ಉತಾರದಲ್ಲಿ ಇನ್ನೂ ತೀರಿಹೋದವರ ಹೆಸರೇ ಇದ್ದರೆ ಮೊದಲು ವಾರಸಾ ಮಾಡಿಸಿ (ವಾರಸುದಾರರ ಹೆಸರು ಏರಿಸಿ), ಅಣ್ಣತಮ್ಮಂದಿರ ವಾಟ್ನಿ (ಆಸ್ತಿ ಪಾಲು) ಆಗಿದ್ದರೆ ಆ ಪತ್ರವನ್ನೂ ಜೋಡಿಸಿ. ಮನೆ ಒಂದೇ ಕಾಲದ್ದಲ್ಲ ಎಂದಿದ್ದರೆ ಹಾಗೆಯೇ ಬರೆಯಿರಿ. ನಮ್ಮದು ಮುಂದಿನ ಭಾಗ 1938ರದು, ಅಡುಗೆಮನೆಯ ಸ್ಲ್ಯಾಬು 1994ರದು. ಹಿಂದೆ ಯಾವ ಕಂಪನಿಯಾದರೂ ನಿರಾಕರಿಸಿದೆಯೇ ಎಂಬ ಪ್ರಶ್ನೆ ಇದ್ದರೆ 'ಹೌದು' ಎಂದು ಬರೆದು, ಕಾರಣವನ್ನೂ ಆಮೇಲೆ ಮಾಡಿಸಿದ ರಿಪೇರಿಯನ್ನೂ ಬರೆಯಿರಿ.

ಮಣ್ಣಿನ ಗೋಡೆ ಎಂದಾಕ್ಷಣ 'ಕಚ್ಚಾ ಮನೆ' ಎಂದು ಯಾರಾದರೂ ತಳ್ಳಿಹಾಕಿದರೆ ತಾಳ್ಮೆಯಿಂದ ಕೇಳಿ. ಬೆಂಕಿ ವಿಮೆಯ ಹಳೇ ದರಪಟ್ಟಿಯಲ್ಲಿ ಕಚ್ಚಾ ಎಂದರೆ ಗೋಡೆ ಅಥವಾ ಚಾವಣಿ ಹಲಗೆ, ಹುಲ್ಲು, ಗರಿ, ಬಿದಿರು, ಪ್ಲಾಸ್ಟಿಕ್ ಬಟ್ಟೆ, ತಾಡಪತ್ರಿ ಇಂಥವುಗಳದು. ಆ ಪಟ್ಟಿಯಲ್ಲಿ ಮಣ್ಣು ಇಲ್ಲ. ನಿಮ್ಮ ಪಾಲಿಸಿಯಲ್ಲಿ ಕಚ್ಚಾ ಎಂದರೇನು ಎಂದು ಬರೆದದ್ದನ್ನು ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ.

ಅವರು ಬರುವ ದಿನ

ಹಗಲು ಹೊತ್ತಿನಲ್ಲಿ ಕರೆಯಿರಿ. ಗೋಡೆಗೆ ಒತ್ತಿಟ್ಟ ಕಪಾಟು, ಚೀಲ ಒಂದಡಿ ಸರಿಸಿಡಿ. ಮಾಳಿಗೆ ಹತ್ತಲು ಗಟ್ಟಿ ಏಣಿ ಇರಲಿ. ಕೋಣೆಗಳ ಅಳತೆ ಬರೆದ ಕೈನಕ್ಷೆ, ಬಿರುಕಿನ ವಹಿ, ಬಿಲ್ಲುಗಳು, ವೈರಿಂಗ್ ವರದಿ ಒಂದೇ ಫೈಲಿನಲ್ಲಿರಲಿ. ಅವರು ಕೇಳುವ ಮೊದಲೇ ಕೆಟ್ಟದ್ದನ್ನು ತೋರಿಸಿ. 2023ರ ಫೆಬ್ರುವರಿಯಲ್ಲಿ ಬಂದವರನ್ನು ನಾನು ನೇರ ಆ ತೊಲೆಯ ಕೆಳಗೇ ಕರೆದುಕೊಂಡು ಹೋದೆ. ಗರ್ಡರ್ ತೋರಿಸಿ, ರಿಪೇರಿಗೆ ಮೊದಲು ತೆಗೆದ ಫೋಟೊ ಕೈಗೆ ಕೊಟ್ಟೆ. ಅವರು ಏಳೂ ಬಿರುಕುಗಳ ಮೊಳೆಗಳನ್ನು ತಾವೇ ಅಳೆದು ನನ್ನ ವಹಿಯ ಜೊತೆ ತಾಳೆ ನೋಡಿದರು. "ಇಷ್ಟ ಲೆಕ್ಕಾ ಇಟ್ಟವರು ಮನಿ ಬೀಳಾಕ ಬಿಡಂಗಿಲ್ಲ ಬಿಡ್ರಿ" ಎಂದರು. ಅತ್ತೆ ಚಹಾ ತಂದುಕೊಟ್ಟು, ಆ ಮಾತು ಇನ್ನೊಮ್ಮೆ ಹೇಳಿಸಿ ಕೇಳಿದರು.

ಅವರು ಹೋದ ದಿನವೇ, ಏನೇನು ನೋಡಿದರು, ಯಾವ ಕಾಗದ ಕೊಟ್ಟಿರಿ ಎಂದು ಕಂಪನಿಗೆ ಒಂದು ಇಮೇಲ್ ಹಾಕಿ. ವಿಮೆ ಒಪ್ಪುವಾಗ ಷರತ್ತು ಹಾಕಬಹುದು. ನಮಗೆ ಹಿತ್ತಲ ಗೋಡೆಯ ಆಸರೆಯನ್ನು ಮೂರು ತಿಂಗಳಲ್ಲಿ ಮುಗಿಸಬೇಕೆಂದು ಹಾಕಿದ್ದರು. ಮುಗಿಸಿ ಫೋಟೊ ಕಳಿಸಿದ್ದಕ್ಕೆ ಸ್ವೀಕೃತಿ ತರಿಸಿಕೊಂಡೆ. ಮನೆಗೆ ಬೀಗ ಹಾಕಿ ಬಹಳ ದಿನ ಊರಿಗೆ ಹೋಗುವುದಿದ್ದರೂ ಮೊದಲೇ ಬರೆದು ತಿಳಿಸಿ.

ಪರಿಹಾರದ ವಿಷಯದಲ್ಲಿ ತಕರಾರಾದರೆ ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ಐಆರ್‌ಡಿಎಐನ 155255 ನಂಬರು ಅಥವಾ ಬಿಮಾ ಭರೋಸಾ ಜಾಲತಾಣ. ಅದಕ್ಕೂ ಮುಂದೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ತಕರಾರು ತೀರಿಸುವ ಅಧಿಕಾರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

2024ರ ಮಾರ್ಚಿನಲ್ಲಿ ಟ್ಯಾಂಕಿನಿಂದ ಇಳಿಯುವ ಪೈಪು ರಾತ್ರಿ ಒಡೆದು, ಬೆಳಗಾಗುವ ಹೊತ್ತಿಗೆ ಅಡುಗೆಮನೆಯ ಗೋಡೆ ಸೊಂಟದೆತ್ತರಕ್ಕೆ ನೆನೆದು, ಒಂದು ಭಾಗ ಕಳಚಿಬಿತ್ತು. ಫೋನ್ ಮಾಡಿ ತಿಳಿಸಿದೆವು, ನೀರು ಬಂದ್ ಮಾಡಿ ಆಸರೆ ಕೊಟ್ಟೆವು, ಬಿದ್ದ ಮಣ್ಣನ್ನು ಮಾತ್ರ ಅವರು ಬರುವವರೆಗೆ ಅಲ್ಲಿಯೇ ಬಿಟ್ಟೆವು. ಬಂದವರು ಕೇಳಿದ ಮೊದಲ ಪ್ರಶ್ನೆ, "ಈ ಬಿರುಕು ಮೊದಲ ಇತ್ತಲ್ಲ?" ಹೌದು, ಅದು ನಾಲ್ಕನೇ ನಂಬರಿನದು ಎಂದು ವಹಿ ತೆರೆದೆ. ಒಂದು ವರ್ಷದಿಂದ ಮೂರು ಮಿಲಿಮೀಟರ್ ಮೀರಿರಲಿಲ್ಲ. ಪಕ್ಕದ ಬಿರುಕು ಹೊಸದು, ಹಳೇ ಫೋಟೊದಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ನಾಲ್ಕನೆಯದಕ್ಕೆ ದುಡ್ಡು ಬರಲಿಲ್ಲ, ಬರಬೇಕಾದ್ದೂ ಅಲ್ಲ. ಬಿದ್ದ ಗೋಡೆಗೆ, ಹೊಸ ಬಿರುಕಿಗೆ, ಪೈಪಿನ ನೀರು ಕೆಡಿಸಿದ ಸಾಮಾನಿಗೆ 38,000 ಬಂತು.

ಈಗ ವಹಿ ಎರಡನೆಯದು ನಡೆದಿದೆ. ರೋಹಿಣಿ ಮಳೆ ಮುಗಿದು ಮಿರಗ ಕೂಡುವ ಮೊದಲು ಒಂದು ಭಾನುವಾರ ಎಲ್ಲವನ್ನೂ ಅಳೆಯುತ್ತೇವೆ. ಅತ್ತೆ ಬ್ಯಾಟರಿ ಹಿಡಿದು ಮೂಲೆ ಮೂಲೆಗೆ ಬೆಳಕು ಬಿಡುತ್ತಾರೆ. ಮೊನ್ನೆ ಬಚ್ಚಲ ಗೋಡೆಯ ಮುಂದೆ ನಿಂತು, ಕನ್ನಡಕ ಏರಿಸಿಕೊಂಡು, "ಎರಡನೇದ್ದು ಅಷ್ಟ ಐತಿ, ನೂರಾ ಎರಡು. ಬರಕೋ" ಅಂದರು.